ಸುನಂದಾಳ ಸುರಗಿ ದಂಡೆ

ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಶೇಖಪ್ಪ ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಡದೆ ಕಿಸೆಗೆ ಹಾಕಿಕೊಂಡ. ಕೊಟ್ಟರೆ ಪಕ್ಕದ ನಾಗಲಿಂಗಪ್ಪ ಎಲ್ಲಿಗೆ, ಯಾಕೆ, ಯಾರ ಜೊತೆ ಎಂದು ಜೀವ ತಿನ್ನುತ್ತಿದ್ದ. ಸಂಜೆಯೊಳಗೆ ಇಡೀ ಹಳಿಯಾಳಕ್ಕೆ ಸುದ್ದಿ ಹಂಚುತ್ತಿದ್ದ.

ತಿಂಗಳ ಹಿಂದೆ ಹೆಂಡತಿ ಸುನಂದಾ, "ಇಷ್ಟ್ ವರ್ಷದಾಗ ಒಂದ್ ಹೂವರ ತಂದೀರೇನ್ರಿ?" ಎಂದು ಕೇಳಿ ತೇರಗಾಂವದ ತವರಿಗೆ ನಡೆದಿದ್ದಳು. ಅಂದಿನಿಂದ ಮನೆ ಬಿಕೋ ಎನ್ನುತ್ತಿತ್ತು. ಪಾಪ, ರೂಢಿಯಂತೆ ಇಬ್ಬರಿಗೆ ಚಹಾ ಮಾಡಿ, ಎರಡೂ ಕಪ್ಪನ್ನು ತಾನೇ ಕುಡಿಯುತ್ತಿದ್ದ. ಜೋಯಿಡಾದ ಕಾಡಿನಲ್ಲಿ ಅರಣ್ಯ ಇಲಾಖೆಯವರು ವಸಂತದ ಹೂಗಳನ್ನು ತೋರಿಸುತ್ತಾರೆಂದು ತಿಳಿದದ್ದೇ ತಡ, ಹೆಸರು ಬರೆಸಿದ. ಸುನಂದಾಳಿಗೆ ಪ್ರಾಣವಾದ ಸುರಗಿ ಅಲ್ಲಿ ಅರಳುತ್ತದೆ.

ದಾರಿ ತೋರಿಸಲು ಬಂದವಳು ಹತ್ತಿರದ ಊರಿನ ಸಿದ್ದಿ ಹೆಣ್ಣುಮಗಳು ಜ್ಯೂಲಿ. "ಫೋನ್ ಬಂದ್ ಮಾಡ್ರಿ. ಬಿದ್ದ ಹೂವನೂ ಎತ್ತಬ್ಯಾಡ್ರಿ" ಎಂದಳು.

ಸುರಗಿ ಮರದ ಕೆಳಗೆ ನಿಂತಾಗ ಮದುವೆಯ ದಿನದ ಅದೇ ಘಮ ಬಂದು ಶೇಖಪ್ಪನ ಕಣ್ಣು ತುಂಬಿತು. ಎಲ್ಲರೂ ಮೇಲೆ ನೋಡುತ್ತಿದ್ದಾಗ ಒಂದು ಹಿಡಿ ಹೂ ಎತ್ತಿ ಟೊಪ್ಪಿಗೆಯೊಳಗೆ ಸೇರಿಸಿದ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಜೇನುಹುಳಗಳು ಅವನ ತಲೆಯನ್ನೇ ಮರವೆಂದು ತಿಳಿದು ಸುತ್ತತೊಡಗಿದವು.

"ಓಡ್ರಿ!" ಎಂದರು ಒಬ್ಬರು. "ಅಳ್ಳಾಡಬ್ಯಾಡ್ರಿ!" ಎಂದರು ಇನ್ನೊಬ್ಬರು. ಅವನು ಎರಡನ್ನೂ ಮಾಡಿ ಮೂಗಿಗೆ ಕಚ್ಚಿಸಿಕೊಂಡ. ಜ್ಯೂಲಿ ಟೊಪ್ಪಿಗೆ ತೆಗೆದಾಗ ಹೂ ಉದುರಿದವು.

"ಯಾರಿಗ್ರಿ ಇವು?"

"ಹೆಂಡತಿಗೆ. ಸಿಟ್ಟಾಗಿ ಹೋಗ್ಯಾಳ. ಆಕಿ ಇಲ್ಲದ ಇರೂದು ನನ್ನ ಕೈಲೆ ಆಗವಲ್ದು ತಂಗಿ."

ಜ್ಯೂಲಿ ನಗಲಿಲ್ಲ. ಕಾಡಿನ ಹೂವನ್ನು ಮರದ ಬುಡಕ್ಕೇ ಹಾಕಿಸಿದಳು. ನಡಿಗೆ ಮುಗಿದ ಮೇಲೆ ತನ್ನ ಹಿತ್ತಲ ಸುರಗಿಯದೊಂದು ದಂಡೆ ಕಟ್ಟಿಕೊಟ್ಟು, "ಹೋಗ್ರಿ, ಕರ್ಕೊಂಡ್ ಬರ್ರಿ" ಎಂದಳು.

ಮೂರು ಬಸ್ಸು ಬದಲಿಸಿ, ಊದಿದ ಮೂಗು ಹೊತ್ತು ಸಂಜೆಗೆ ತೇರಗಾಂವ ಮುಟ್ಟಿದ. ಅತ್ತೆ ಶಿವವ್ವ ಬಾಗಿಲಿಗೇ ಅಡ್ಡ ನಿಂತಿದ್ದಳು.

"ಎಲ್ಲಿ ಹೋಗಿದ್ರಿ? ಮುಂಜಾನೆ ಸುನಂದಾ ತಾನಾಗೇ ಸಿಟ್ಟು ಬಿಟ್ಟು ನಿಮ್ಮ ಮನಿಗೆ ಹೋಗಿದ್ಲು. ಬಾಜೂಮನ್ಯಾಗ ಕೀಲಿ ಇಲ್ಲ, ನಿಮ್ಮ ಫೋನ್ ಬಂದ್. ಮಧ್ಯಾಹ್ನದ ತನಕಾ ಕಟ್ಟಿ ಮ್ಯಾಲೆ ಕುಂತು ಹೊಳ್ಳಿ ಬಂದಾಳ."

ಒಳಗಿನಿಂದ ಸುನಂದಾಳ ದನಿ ಬಂತು: "ನನಗ ಸಿಗಬಾರದಂತನ ಕೀಲಿ ಕಿಸೇದಾಗ ಇಟ್ಕೊಂಡು ಹೋಗ್ಯಾರ! ಇನ್ನ ಆ ಹೊಸ್ತಿಲಾ ತುಳಿಯಂಗಿಲ್ಲ ನಾನು."

ಶೇಖಪ್ಪ ದಂಡೆ ಚಾಚಿದ. ಶಿವವ್ವ ಇಸಿದುಕೊಂಡಳು. "ಛಲೋ ಆತು, ಸಂಜೀ ಪೂಜಾಕ್ಕ ಹೂ ಇರಲಿಲ್ಲ" ಎಂದು ಒಳಗೆ ಹೋಗಿ ಬಾಗಿಲು ಹಾಕಿದಳು.

ಮಧ್ಯಾಹ್ನದ ತನಕ ಸುನಂದಾ ಕೂತಂತೆಯೇ ಅವನೀಗ ಅತ್ತೆಮನೆಯ ಕಟ್ಟೆಯ ಮೇಲೆ ಕೂತ. ಅವನ ಬಳಿ ಉಳಿದದ್ದು ಬೀಗದ ಕೈ ಒಂದೇ.