ಯೋಗೇಶನ ರೆಡಿಮೇಡ್ ಗುಹೆಗಳು

"ಈ ಭಾನುವಾರದಿಂದ ನಮ್ಮನೇಲಿ ಟಿ.ವಿ. ಬಂದ್, ಮೊಬೈಲ್ ಬಂದ್! ಇನ್ನೇನಿದ್ರೂ ಸಾಹಸ!" ಎಂದು ಯೋಗೇಶ್ ಊಟದ ತಟ್ಟೆಯ ಮುಂದೆ ಘೋಷಿಸಿದಾಗ, ಸಾರು ಬಡಿಸಲು ಸೌಟು ಎತ್ತಿದ್ದ ಹೆಂಡತಿ ಯಶೋದಾ ಎತ್ತಿದ ಕೈಯಲ್ಲೇ ನಿಂತುಬಿಟ್ಟಳು.

ಯೋಗೇಶ್ ಹಿರಿಯೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ದಾವಣಗೆರೆಯ ಹಾಸ್ಟೆಲಿನಲ್ಲಿದ್ದಾಗ ಅವನಿಗೆ ಒಂದು ಕಥೆಯಾಟದ ಹುಚ್ಚು ಹಿಡಿದಿತ್ತು. ಮೇಜಿನ ಸುತ್ತ ಕೂತು ಆಡುವ ಆಟ. ಒಬ್ಬ ಕಥೆ ನಡೆಸುತ್ತಾನೆ: "ನೀವೀಗ ಗುಹೆಯ ಮುಂದಿದ್ದೀರಿ, ಎದುರಿಗೆ ರಾಕ್ಷಸ, ಏನು ಮಾಡ್ತೀರಿ?" ಉಳಿದವರು ವೀರರೋ ಮಾಂತ್ರಿಕರೋ ಆಗಿ ಉತ್ತರ ಹೇಳಿ ದಾಳ ಉರುಳಿಸಬೇಕು. ದೊಡ್ಡ ಸಂಖ್ಯೆ ಬಿದ್ದರೆ ಗೆಲುವು, ಒಂದು ಬಿದ್ದರೆ ಗೋವಿಂದ! ಮದುವೆಯಾಗಿ ಎಂಟು ವರ್ಷವಾದರೂ ಹುಚ್ಚು ಇಳಿದಿರಲಿಲ್ಲ. ಹಿಂಬದಿಯ ಚಿಕ್ಕ ರೂಮಿನ ತುಂಬ ನಕ್ಷೆಗಳು, ದಪ್ಪ ಪುಸ್ತಕಗಳು, ಹೆಬ್ಬೆರಳಿನಷ್ಟಿದ್ದ ಪ್ಲಾಸ್ಟಿಕ್ ರಾಕ್ಷಸರು. ಆ ರೂಮಿನ ಮೇಲೆ ಯಶೋದಾಳಿಗೆ ಕಣ್ಣು. ಅವಳ ಹೊಲಿಗೆ ಮಷಿನ್ ಮೂರು ವರ್ಷದಿಂದ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ನಿಂತು, ಊರವರ ಬ್ಲೌಸಿಗೆಲ್ಲ ಒಗ್ಗರಣೆಯ ವಾಸನೆ ಹತ್ತಿಸುತ್ತಿತ್ತು.

"ಆತು ಬಿಡ್ರಿ," ಎಂದಳು ಯಶೋದಾ ಕೊನೆಗೆ. "ಭಾನುವಾರ ಮೂರು ಜನ, ಬೆಳಗ್ಗೆ ಹತ್ತರಿಂದ ಸಂಜೆ ಐದರ ತನಕ ಎದ್ದು ಹೋಗದಂಗೆ ಆಟ ಆಡಿದ್ರೆ ರೂಮು ಆಟಕ್ಕೆ. ಇಲ್ಲಾಂದ್ರೆ ಸೋಮವಾರ ನನ್ನ ಮಷಿನ್ ಒಳಗೆ, ನಿಮ್ಮ ರಾಕ್ಷಸರು ಅಟ್ಟದ ಮೇಲೆ."

"ಐದೇನು, ಹತ್ತು ಗಂಟೆ ತನಕ ಬೇಕಾದ್ರೂ ಆಡಿಸ್ತೀನಿ!" ಯೋಗೇಶ್ ಎದೆ ಉಬ್ಬಿಸಿದ.

ಆ ಧೈರ್ಯಕ್ಕೆ ಕಾರಣವಿತ್ತು. ಅವನು ಆನ್‌ಲೈನಿನಲ್ಲಿ ಆರು ರೆಡಿಮೇಡ್ ಗುಹೆಗಳನ್ನು ಕೊಂಡಿದ್ದ. ಗುಹೆಯ ನಕ್ಷೆ, ಅದರೊಳಗಿನ ರಾಕ್ಷಸ, ಅವನ ಬಲ, ಅವನು ಆಡಬೇಕಾದ ಮಾತು, ಎಲ್ಲವೂ ಅಚ್ಚಾಗಿ ಬರುತ್ತದೆ. ಬಿಸಿನೀರಿಗೆ ಸುರಿದರೆ ಉಪ್ಪಿಟ್ಟಾಗುವ ಪೊಟ್ಟಣದ ಹಾಗೆ; ನಡೆಸುವವನು ತಲೆ ಖರ್ಚು ಮಾಡಬೇಕಾಗಿಲ್ಲ. 'ಒಂದೊಂದು ಗುಹೆಗೆ ಎರಡು ಗಂಟೆ' ಎಂದು ಪೊಟ್ಟಣದ ಮೇಲೇ ಬರೆದಿತ್ತು. ಒಟ್ಟು ಹನ್ನೆರಡು ಗಂಟೆಯ ಸರಕು! ಎರಡು ವಾರ ಕೂತು ಕನ್ನಡಕ್ಕಿಳಿಸಿ, ಬಣ್ಣದ ಪ್ರಿಂಟನ್ನೂ ತೆಗೆಸಿಟ್ಟಿದ್ದ.

ಭಾನುವಾರ ಒಂಬತ್ತಕ್ಕೆ ಜೊತೆಯ ಉಪನ್ಯಾಸಕ ಗಿರೀಶನ ಫೋನು. "ನಾನು ಹೊಳಲ್ಕೆರೇಲಿದ್ದೀನಪ್ಪ, ಭಾವನ ಮಗಳ ನಾಮಕರಣ, ಮರ್ತೇಬಿಟ್ಟಿದ್ದೆ!" ಬರುತ್ತೇನೆಂದಿದ್ದ ಇನ್ನಿಬ್ಬರು ಫೋನನ್ನೇ ಎತ್ತಲಿಲ್ಲ. ಬೇರೆ ದಾರಿ ಕಾಣದೆ ಯೋಗೇಶ್ ಮನೆಯಲ್ಲಿ ಸಿಕ್ಕವರನ್ನೇ ಕೂರಿಸಿದ: ಯಶೋದಾ, ಕಣ್ಣಿನ ಡಾಕ್ಟರಿಗೆ ತೋರಿಸಲೆಂದು ಧರ್ಮಪುರದಿಂದ ಬಂದಿದ್ದ, ನಲವತ್ತು ವರ್ಷ ಕುರಿ ಕಾಯ್ದ ಅವಳ ತಾಯಿ ಹುಚ್ಚಕ್ಕ, ಮತ್ತು ಪಕ್ಕದ ಮನೆಯ ಮೂಡಲಗಿರಿಯಪ್ಪ, ರಿಟೈರಾದ ಬಸ್ ಕಂಡಕ್ಟರ್.

ಪಾತ್ರ ಹಂಚುವಾಗಲೇ ಎಡವಟ್ಟು.

"ಅತ್ತೆ, ನೀವು ಮಾಂತ್ರಿಕೆ."

"ಶಿವಶಿವಾ! ಮಾಟ ಮಾಡೋದು ನಮ್ಮ ವಂಶದಾಗೇ ಇಲ್ರಿ ಅಳಿಯಂದ್ರೆ!"

"ಹೋಗ್ಲಿ, ನೀವು ವೀರವನಿತೆ. ಗಿರಿಯಪ್ಪಣ್ಣ, ನೀವು ಕಳ್ಳ."

ಮೂಡಲಗಿರಿಯಪ್ಪ ಟವಲ್ಲು ಕೊಡವಿ ಎದ್ದೇಬಿಟ್ಟರು. "ಮೂವತ್ನಾಲ್ಕು ವರ್ಷ ಸರ್ವೀಸು! ಒಬ್ಬ ಚೆಕಿಂಗ್‌ನವನೂ ನನ್ನ ಕಡೆ ಬೆರಳು ತೋರ್ಸಿಲ್ಲ. ನನ್ನ ಕಳ್ಳ ಅಂತೀಯೇನಪ್ಪ?"

ಅವರನ್ನು 'ಚತುರ' ಎಂದು ಬದಲಾಯಿಸಿ, ಕೈಕಾಲು ಹಿಡಿದು ಕೂರಿಸುವಷ್ಟರಲ್ಲಿ ಹತ್ತೂಕಾಲು. ಯಶೋದಾ ಗಾಯಕ್ಕೆ ಮದ್ದು ಹಾಕುವವಳಾದಳು. "ಮನೇಲೂ ಅದೇ ಕೆಲ್ಸ," ಎಂದಳು.

ಯೋಗೇಶ್ ಗಂಟಲು ದಪ್ಪ ಮಾಡಿಕೊಂಡು ಓದಿದ: "ನಡುಮಧ್ಯಾಹ್ನ! ಗುಹೆಯ ಬಾಯಲ್ಲಿ ಮೂರು ತೋಳಗಳು ಹಲ್ಲು ಕಿರಿದು ನಿಂತಿವೆ! ಏನು ಮಾಡ್ತೀರಿ?"

"ಗಾಳಿ ಯಾ ಕಡೆಯಿಂದ ಬೀಸ್ತೈತೆ?" ಎಂದರು ಹುಚ್ಚಕ್ಕ.

ಯೋಗೇಶ್ ಹಾಳೆ ತಿರುಗಿಸಿ ನೋಡಿದ. ಗಾಳಿಯ ವಿಷಯ ಬರೆದಿರಲಿಲ್ಲ. "ನಿಮ್ಮ ಹಿಂದಿನಿಂದ ಅಂತಿಟ್ಕಳ್ರಿ."

"ಹಂಗಾರೆ ಸುಲಭ. ಮಧ್ಯಾಹ್ನದಾಗೆ ತೋಳ ಬಾಗಿಲು ಬಿಟ್ಟು ಅಲ್ಲಾಡಂಗಿಲ್ಲ ಅಂದ್ರೆ ಒಳಗೆ ಮರಿ ಅವೆ. ಒಣಹುಲ್ಲಿಗೆ ಕಿಚ್ಚು ಹಾಕಿ ಹೊಗೆ ಎಬ್ಬಿಸ್ತೀನಿ. ಮರಿ ಕಚ್ಕಂಡು ತಾವೇ ಹೋಗ್ತವೆ."

"ಕತ್ತಿಯಿಂದ ಹೊಡೆದಾಡಬೇಕು ಅತ್ತೆ!"

"ಬಾಣಂತಿ ಮೇಲೆ ಕತ್ತಿ ಎತ್ತೋದೇನ್ರಿ? ನಾಚ್ಕೆ ಆಗಲ್ವಾ?"

ಕೈಗೆ ಇಪ್ಪತ್ತು ಮುಖದ ದಾಳ ಕೊಟ್ಟ. "ದೇವ್ರಿಗೂ ಇಷ್ಟು ಮುಖ ಇಲ್ಲವಲ್ಲ!" ಎನ್ನುತ್ತ ಅವರು ಉರುಳಿಸಿದರು. ಯಶೋದಾ ಬಗ್ಗಿ ನೋಡಿದಳು. ಇಪ್ಪತ್ತು! ಎರಡು ಗಂಟೆಯ ಗುಹೆ ನಾಲ್ಕು ನಿಮಿಷಕ್ಕೆ ಖಾಲಿ.

ಎರಡನೆಯದರಲ್ಲಿ ಇಕ್ಕಟ್ಟಿನ ಸುರಂಗ, ಅದರ ತುಂಬ ನಲವತ್ತು ಕುಳ್ಳ ಪಿಶಾಚಿಗಳು. ಮೂಡಲಗಿರಿಯಪ್ಪ ಬಾಯಲ್ಲೇ ಸೀಟಿ ಊದಿದರು. "ಹಿಂದಕ್ಕೆ ನಡೀರಿ, ನಡೀರಿ! ಹಿಂದೆಲ್ಲ ಖಾಲಿ ಐತೆ! ಬಾಗಿಲತ್ರ ಯಾರೂ ನಿಲ್ಬ್ಯಾಡ್ರಿ!"

"ಅಣ್ಣಾ, ಅವು ಪಿಶಾಚಿಗಳು, ಪ್ಯಾಸೆಂಜರ್ ಅಲ್ಲ!"

"ನೀನು ಧರ್ಮಪುರದ ಸಂತೆ ದಿನದ ಬಸ್ ಹತ್ತಿಲ್ಲ ಕಣಪ್ಪ. ಹತ್ತಿದ್ರೆ ಹಿಂಗಂತಿರಲಿಲ್ಲ."

ದಾಳದಲ್ಲಿ ಹತ್ತೊಂಬತ್ತು. ನಲವತ್ತೂ ಪಿಶಾಚಿಗಳು ಶಿಸ್ತಾಗಿ ಹಿಂದಕ್ಕೆ ಸರಿದವು.

ಮೂರನೆಯದು ವಿಷದ ಮುಳ್ಳಿರುವ ಬೀಗದ ಬಾಗಿಲು. ಹಾಸ್ಟೆಲಿನಲ್ಲಿ ಆಗಿನ ಗೆಳೆಯರು ಇಂಥದೊಂದಕ್ಕೆ ಇಡೀ ದಿನ ಹೆಣಗಿದ್ದರು. ಯಶೋದಾ ಕೇಳಿದ್ದು ಒಂದೇ ಮಾತು: "ಕೀಲು ಹೊರಗಡೆ ಐತೋ ಒಳಗಡೆಯೋ?"

"ಹೊ... ಹೊರಗಡೆ."

"ಬೀಗದ ತಂಟೆಗೆ ಯಾಕೆ ಹೋಗಾಣ? ಕೀಲು ಬಿಚ್ಚಿ ಬಾಗಿಲನ್ನ ಗೋಡೆಗೆ ಒರಗಿಸ್ತೀನಿ. ಆರು ತಿಂಗಳಿಂದ ನಮ್ಮ ಬಚ್ಚಲ ಬಾಗಿಲನ್ನ ಹಂಗೇ ತಾನೆ ತೆಗೀತಿರೋದು? ರಿಪೇರಿ ಮಾಡ್ಸಿ ಅಂತ ಎಷ್ಟು ಸಲ ಬಡ್ಕಂಡೆ!"

ನಾಲ್ಕನೆಯದೂ ಐದನೆಯದೂ ಹೇಗೆ ಹೋದವೋ ಯೋಗೇಶನಿಗೆ ತಿಳಿಯಲಿಲ್ಲ. ಗಡಿಯಾರ ನೋಡಿದರೆ ಹನ್ನೊಂದೂ ಹತ್ತು! ಉಳಿದಿದ್ದು ಒಂದೇ ಗುಹೆ, ಡ್ರ್ಯಾಗನ್ನಿನದು. ಇದನ್ನಾದರೂ ಎಳೆದಾಡಿ ಸಂಜೆ ಮಾಡಬೇಕೆಂದು ಅವನು ಕುರ್ಚಿಯ ಮೇಲೆ ಹತ್ತಿ ನಿಂತ. "ಬಂತು! ನೂರು ಅಡಿ ಉದ್ದದ ಡ್ರ್ಯಾಗನ್! ಅದರ ರೆಕ್ಕೆ ಹೀಗೆ..." ಎಂದು ಎರಡೂ ಕೈ ಬೀಸಿ ಹಾರಿದ.

ಎಡರೆಕ್ಕೆ ಮಜ್ಜಿಗೆ ಚೊಂಬಿಗೆ ತಗುಲಿತು. ಚೊಂಬು ಬಿತ್ತು. ಡ್ರ್ಯಾಗನ್ನಿನ ಹಾಳೆಗಳ ಮೇಲೆ ಮಜ್ಜಿಗೆ ಹರಿದು, ಬಣ್ಣಬಣ್ಣದ ಅಕ್ಷರಗಳೆಲ್ಲ ಒಂದಕ್ಕೊಂದು ಕಲಸಿಕೊಂಡವು. ಟವಲ್ಲಿನಿಂದ ಒರೆಸಿದ, ಇನ್ನಷ್ಟು ಕಲಸಿತು. ಒಣಗಿಸೋಣವೆಂದು ಅಡುಗೆಮನೆಗೆ ಓಡಿ, ರೊಟ್ಟಿಗಿಟ್ಟಿದ್ದ ಹಂಚಿನಡಿ ಒಲೆ ಹಚ್ಚಿ, ಅದರ ಮೇಲೆ ಹಾಳೆ ಹಾಸಿದ. ಅದು ಮೊದಲು ಮುದುಡಿತು, ಆಮೇಲೆ ಭಗ್ಗೆಂದಿತು! ಡ್ರ್ಯಾಗನ್ನಿನ ಬಾಯಿಂದ ಬರಬೇಕಿದ್ದ ಬೆಂಕಿ ಹಂಚಿನಿಂದ ಬಂತು.

"ರೀ! ಮನೆ ಸುಡ್ತೀರಾ!" ಯಶೋದಾ ಬಂದು ಒಂದು ತಂಬಿಗೆ ನೀರು ಸುರಿದಳು. ಡ್ರ್ಯಾಗನ್ ಸತ್ತಿತು. ರೊಟ್ಟಿ ಹಿಟ್ಟೂ ಸತ್ತಿತು.

ಯೋಗೇಶ್ ಬೆವರುತ್ತ ಬಂದು ಕೂತ. ಮೂವರೂ ಅವನ ಮುಖವನ್ನೇ ನೋಡುತ್ತಿದ್ದರು.

"ಮುಂದೇನಾತ್ರಿ?" ಎಂದರು ಹುಚ್ಚಕ್ಕ.

"ಮುಂದೆ... ಇನ್ನೊಂದು ಗುಹೆ."

"ಅದ್ರಾಗೆ?"

ತಲೆ ಕೆರೆದುಕೊಂಡ. ಹಾಳೆಯಿಲ್ಲದೆ ಒಂದು ಸೊಳ್ಳೆಯೂ ಹೊಳೆಯಲಿಲ್ಲ. "ತೋಳ."

"ಎಷ್ಟು?"

"...ನಾಲ್ಕು."

ಮೂಡಲಗಿರಿಯಪ್ಪ ಕಾಲಲ್ಲೇ ಚಪ್ಪಲಿ ಹುಡುಕತೊಡಗಿದರು. ಹಿಂಬದಿ ರೂಮು ಕೈತಪ್ಪಿತೆಂದೇ ಯೋಗೇಶ್ ಲೆಕ್ಕ ಹಾಕಿದ.

"ಕುಂತ್ಕಳ್ರಿ ಅಣ್ಣ, ನಾನು ಒಂದು ಹೇಳ್ತೀನಿ," ಎಂದರು ಹುಚ್ಚಕ್ಕ. "ಮುನ್ನೂರು ಕುರಿ. ವೇದಾವತಿ ಹೊಳೆ ದಾಟಿಸ್ಬೇಕು. ಮೇಲೆ ಮಳೆ ಆಗೈತೆ, ನೀರು ಯಾವಾಗ ಬರ್ತೈತೋ ಗೊತ್ತಿಲ್ಲ. ಆಚೆ ದಡದಾಗೆ ಯಾರೋ ನಾಲ್ಕು ಜನ ಕಂಬಳಿ ಹೊದ್ದು ನಿಂತವ್ರೆ. ನಮ್ಮೋರಲ್ಲ. ಏನು ಮಾಡ್ತೀರಿ?"

ಮೂಡಲಗಿರಿಯಪ್ಪ ಚಪ್ಪಲಿ ಬಿಟ್ಟರು.

"ಅತ್ತೆ, ನಾನೂ ಆಡ್ತೀನಿ!" ಎಂದ ಯೋಗೇಶ್. "ನಾನು ಕತ್ತಿ ಹಿರಿದು..."

"ಕತ್ತಿ ಎಲ್ಲಿಂದ ಬಂತು? ನೀವು ಮೊನ್ನೆ ಸೇರ್ಕಂಡಿರೋ ಆಳು. ಕೈಯಾಗೆ ಕೋಲೈತೆ."

"ಸರಿ, ಮುಂದಿರೋ ಟಗರಿನ ಕೊಂಬು ಹಿಡಿದು ಎಳೀತೀನಿ!"

"ಟಗರಿನ ಕೊಂಬಾ?" ಹುಚ್ಚಕ್ಕ ಮರುಕದಿಂದ ನೋಡಿದರು. "ದಾಳ ಹಾಕ್ರಿ."

ಹಾಕಿದ. ಒಂದು.

"ಗುದ್ದಿತು. ಮಡುವಿಗೆ ಬಿದ್ರಿ. ಸತ್ರಿ."

"ಅಷ್ಟೇನಾ? ಆಗ್ಲೇ?"

"ರೀ, ಸತ್ತೋರು ಮಾತಾಡಬಾರ್ದು," ಎಂದಳು ಯಶೋದಾ, ಕಣ್ಣನ್ನು ತಾಯಿಯ ಮುಖದಿಂದ ಕೀಳದೆ. "ಹೋಗಿ ಟೀ ಇಡ್ರಿ. ಅವ್ವಾ, ಆ ಕಂಬಳಿಯೋರು ಏನಂತಾರೆ?"

ಅಂದು ಯೋಗೇಶ್ ನಾಲ್ಕು ಸಲ ಟೀ, ಎರಡು ಸಲ ಮಂಡಕ್ಕಿ, ಒಂದು ಸಲ ಚಿತ್ರಾನ್ನ ಮಾಡಿದ. ಐದಾಯಿತು, ಆರಾಯಿತು. ಒಬ್ಬರೂ ಏಳಲಿಲ್ಲ. ಮೂಡಲಗಿರಿಯಪ್ಪನವರನ್ನು ಹುಡುಕಿಕೊಂಡು ಬಂದ ಅವರ ಮನೆಯಾಕೆಯೂ ಬಾಗಿಲಲ್ಲೇ ನಿಂತು ಕೇಳಿ, ಆಮೇಲೆ ಒಳಗೆ ಬಂದು ಕೂತರು.

ಯಶೋದಾ ಮಾತಿಗೆ ತಪ್ಪಲಿಲ್ಲ. "ರೂಮು ಆಟಕ್ಕೇ ಇರ್ಲಿ," ಎಂದಳು. "ಆದ್ರೆ ಬೀಗದ ಕೈ ಅವ್ವನ ಹತ್ರ ಇರ್ಲಿ."

ಹುಚ್ಚಕ್ಕ ಊರಿಗೆ ಹೋಗುವುದನ್ನು ಮುಂದಕ್ಕೆ ಹಾಕಿದರು. ಮುಂದಿನ ಭಾನುವಾರ ಹತ್ತಕ್ಕೆಲ್ಲ ಆ ರೂಮಿನಲ್ಲಿ ಆರು ಜನ. ಯೋಗೇಶ್ ಸ್ನಾನ ಮಾಡಿ, ಶರ್ಟು ಬದಲಿಸಿ, ಬಾಗಿಲ ಬಳಿ ಬಂದು ನಿಂತ.

"ಅತ್ತೆ... ಈ ವಾರ ನನಗೇನಾದ್ರೂ ಪಾತ್ರ ಐತಾ?"

ಹುಚ್ಚಕ್ಕ ಕಣ್ಣು ಮುಚ್ಚಿ ಇಡೀ ಮಂದೆಯನ್ನು ಒಮ್ಮೆ ನೋಡಿ ಬಂದರು.

"ಒಂದು ಕುರಿ ಗಬ್ಬ ಆಗೈತೆ ಅಳಿಯಂದ್ರೆ," ಎಂದರು. "ಈಯೋತನಕ ಕಾಯ್ರಿ, ಮರಿಯಾಗಿ ಹುಟ್ಟೀರಂತೆ."