ಅಗಸೆ ಹೊಟ್ಟಿನ ಬಾಗಿಲು

ಒಡಿಲ್ ಹೊಟ್ಟನ್ನು ಜರಡಿ ಹಿಡಿಯದೆ ಬಿಟ್ಟದ್ದೇ ಎಲ್ಲಕ್ಕೂ ಮೂಲ. ಲೇಯ ನದಿಯ ದಂಡೆಯ ನಮ್ಮೂರಲ್ಲಿ ಅಗಸೆ ಗಿಡ ಬಡಿದು ನಾರು ತೆಗೆದ ಮೇಲೆ ಉಳಿಯುವ ಕಡ್ಡಿಚೂರಿನ ರಾಶಿ ಚರ್ಚಿನ ಗೋಪುರಕ್ಕಿಂತ ಎತ್ತರ. ಸುಳ್ಳಲ್ಲ, ಮೋಡಗಳೇ ಅದನ್ನು ಬಳಸಿಕೊಂಡು ಹೋಗುತ್ತಿದ್ದವು. ಆ ಹೊಟ್ಟಿಗೆ ಅಂಟು ಕಲಸಿ, ಕಾದ ಕಬ್ಬಿಣದ ತಗಡುಗಳ ನಡುವೆ ಒತ್ತಿ, ಮರದ ಹಂಗಿಲ್ಲದ ಬಾಗಿಲೊಂದನ್ನು ಒಡಿಲ್ ಮಾಡಿದ್ದ. ಭಾನುವಾರ ಬೆಳಿಗ್ಗೆ ಅದನ್ನು ಮಾವ ರೇಮಿಯ ಪಾರಿವಾಳದ ಮನೆಗೆ ಕೂರಿಸಿದ.

"ಸಂಜೆವರೆಗೆ ಇದು ನಿಂತ್ರೆ ನಾಳೆಯಿಂದ ಗಿರಣಿಗೆ ಬರ್ಬೇಡ ಅಳಿಯ. ಹಿಂದಿನ ಶೆಡ್ಡು ನಿಂಗೇ. ಹಲಗೆ ಮಾಡ್ಕೊಂಡಿರು," ಎಂದ ರೇಮಿ.

ಅಗಸೆ ಬಡಿಯುವ ಗಿರಣಿ ರೇಮಿಯದೇ. ಅಲ್ಲಿನ ಧೂಳು ಕುಡಿದು ಕುಡಿದು ಒಡಿಲ್ ಒಮ್ಮೆ ಸೀನಿದರೆ ಒಂದು ಅಂಗಿಗಾಗುವಷ್ಟು ನಾರು ಉದುರುತ್ತಿತ್ತು.

ಪಕ್ಕದ ಮನೆಯ ಬಡಗಿ ಕಮೀಲ್ ಬೇಲಿ ದಾಟಿ ಬಂದ. "ಏನೋ ಒಡಿಲ್, ಇದು ಬಾಗಿಲೋ ಬಿಸ್ಕತ್ತೋ?"

"ಒದ್ದು ನೋಡಪ್ಪ."

ಒದ್ದ. ಬಾಗಿಲು ಮಿಸುಕಲಿಲ್ಲ, ಕಮೀಲನ ಮರದ ಮೆಟ್ಟು ಎರಡು ಹೋಳಾಯಿತು.

ಮಧ್ಯಾಹ್ನ, ಫ್ರಾನ್ಸಿನಲ್ಲಿ ಬಿಟ್ಟ ಪಂದ್ಯದ ಪಾರಿವಾಳಗಳು ಮರಳುವ ಹೊತ್ತು. ಹಕ್ಕಿ ಊರು ತಲುಪಿದರೆ ಸಾಲದು. ಹಿಡಿದು, ಕಾಲಿನ ಉಂಗುರ ಬಿಚ್ಚಿ ಪಂದ್ಯದ ಗಡಿಯಾರದೊಳಕ್ಕೆ ಹಾಕಬೇಕು, ಬಂದ ಹೊತ್ತು ದಾಖಲಾಗುವುದೇ ಆಗ. ಎಷ್ಟೋ ಹಕ್ಕಿಗಳು ಕೆಳಗಿಳಿಯದೆ ಸೂರಿನ ಮೇಲೆಯೇ ಕೂತು ಯಜಮಾನನ ಆಯುಷ್ಯ ತಿನ್ನುತ್ತವೆ. ರೇಮಿಯ ನೀಲಿ ಹಕ್ಕಿ ಮಾತ್ರ ಸೀದಾ ಬಾಗಿಲಿಗೆ ಎರಗಿ ಕುಟುಕತೊಡಗಿತು. ಜರಡಿ ಕಾಣದ ಹೊಟ್ಟಿನಲ್ಲಿ ಅಗಸೆ ಬೀಜ ಉಳಿದುಬಿಟ್ಟಿತ್ತು.

"ಮಾವ, ಓಡ್ಸಿ ಅದನ್ನ. ನನ್ನ ಬಾಗಿಲು..."

"ಮುಟ್ಟಿದ್ರೆ ಕೈ ಮುರೀತೀನಿ," ಎಂದ ರೇಮಿ ಹಕ್ಕಿಯನ್ನು ಗಬಕ್ಕನೆ ಹಿಡಿದು ಉಂಗುರವನ್ನು ಗಡಿಯಾರಕ್ಕೆ ಹಾಕಿದ.

ಹಿಂದೆಯೇ ಊರಿನ ಉಳಿದ ಹಕ್ಕಿಗಳೆಲ್ಲ ಬಂದವು. ಹತ್ತು ಸಾವಿರವಾದರೂ ಇದ್ದಾವು. ಸೂರ್ಯ ಮುಚ್ಚಿಹೋಗಿ ಕೋಳಿಗಳು ಮಲಗಲು ಹೊರಟವು. ಒಂದೂ ತನ್ನ ಗೂಡಿಗೆ ಹೋಗಲಿಲ್ಲ, ಎಲ್ಲವೂ ಬಾಗಿಲಿಗೇ ಮುತ್ತಿ ಕುಟುಕತೊಡಗಿದವು. ಬೇಲಿಯಾಚೆ ಕಮೀಲ್ ಕಾಳಿನ ಡಬ್ಬ ಅಲ್ಲಾಡಿಸುತ್ತ ಅಂಗಲಾಚುತ್ತಿದ್ದ: "ಬಾರೇ ನನ್ನ ರಾಣಿ, ಅದು ಬಾಗಿಲು ಕಣೇ."

ಮೊದಲ ಬಹುಮಾನ ರೇಮಿಗೆ. ಸಂಜೆ ವಾದ್ಯದವರು ಬಂದರು, ಬಿಯರ್ ಹೊಳೆಯಾಗಿ ಹರಿಯಿತು, ಊರೇ ಒಡಿಲ್‌ನನ್ನು ಹೆಗಲ ಮೇಲೆ ಹೊತ್ತು ಮೆರೆಸಿತು. ಕೆಳಗಿನಿಂದ ಕಮೀಲನೇ ಕೇಳಿದ: "ನಂಗೂ ಒಂದ್ ಬಾಗಿಲು ಮಾಡ್ಕೊಡಪ್ಪ. ಬೀಜ ಸ್ವಲ್ಪ ಜಾಸ್ತಿ ಇರ್ಲಿ."

ಒಡಿಲ್‌ನ ಎದೆ ಗಿರಣಿಯಷ್ಟು ಅಗಲವಾಯಿತು. "ಮಾವ, ಹಂಗಾದ್ರೆ ಶೆಡ್ಡಿನ ಬೀಗದ ಕೈ?"

ರೇಮಿ ಮೀಸೆಯ ನೊರೆ ಒರೆಸಿಕೊಂಡು ಪಾರಿವಾಳದ ಮನೆಯತ್ತ ಬೆರಳು ತೋರಿದ. ಚೌಕಟ್ಟಿನಲ್ಲಿ ಎರಡು ಕೀಲು ಮಾತ್ರ ಜೋತಾಡುತ್ತಿದ್ದವು.

"ಬಾಗಿಲು ಎಲ್ಲಪ್ಪ ನಿಂತಿದೆ? ಮಾತು ಅಂದ್ರೆ ಮಾತು. ಬೆಳಿಗ್ಗೆ ಐದಕ್ಕೆ ಗಿರಣಿಗೆ ಬಂದ್ಬಿಡು," ಎಂದು ಪ್ರೀತಿಯಿಂದ ಅಳಿಯನ ಮೊಣಕಾಲು ತಟ್ಟಿದ. "ಕೆಲಸ ಮುಗಿದ್ಮೇಲೆ ರಾತ್ರಿ ಕೂತು ಬಾಗಿಲು ಮಾಡು. ಪ್ರತಿ ಭಾನುವಾರ ಹೊಸಾದೊಂದು ಬೇಕು ನಂಗೆ."