ಬೈಜಾಂಟೈನ್ ಹಣತೆಗೆ ಊದುಬತ್ತಿಯ ಕಡ್ಡಿ

ನನ್ನ ಕೆಲಸ ಕುರ್ಚಿ ಹಾಕುವುದು, ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ತೆಗೆಯುವುದು. ನಡುವೆ ಎಂತದಾದರೂ ಒಂದು ಆಗಿಯೇ ಆಗುತ್ತದೆ. ಇಪ್ಪತ್ತಾರು ವರ್ಷಗಳಲ್ಲಿ ಏನೂ ಆಗದೆ ಮುಗಿದ ಕಾರ್ಯಕ್ರಮ ನನಗಂತೂ ನೆನಪಿಲ್ಲ.

ಮಸ್ಕತ್ತಿನ ಘಾಲಾದಲ್ಲಿ ನಮ್ಮ ಕಂಪನಿಯ ಗೋದಾಮು ಉಂಟು. ವೇದಿಕೆ, ಮೈಕ್, ಲೈಟು, ಕಾರ್ಪೆಟ್, ಎರಡು ಸಾವಿರ ಕುರ್ಚಿ. ಇಷ್ಟಕ್ಕೂ ಸೂಪರ್‌ವೈಸರ್ ನಾನು. ಇಷ್ಟು ವರ್ಷ ಹೇಗೆ ಉಳಿದಿರಿ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಎರಡೇ ಶಬ್ದ: ‘ಹೌದು ಸರ್’. ಗಿರಾಕಿ ಎಂತ ಹೇಳಿದರೂ ಮೊದಲು ಹೌದು ಸರ್ ಅನ್ನಬೇಕು. ಮಂಡೆ ಬಿಸಿ ಮಾಡಿಕೊಳ್ಳಲಿಕ್ಕೆ ಆಮೇಲೆ ಬೇಕಾದಷ್ಟು ಸಮಯ ಸಿಗುತ್ತದೆ.

ಮೊನ್ನೆ ನಮಗೆ ಸಿಕ್ಕಿದ್ದು ಬೈಜಾಂಟೈನ್ ಅಧ್ಯಯನದ ವಿದ್ವಾಂಸರ ಸಮ್ಮೇಳನ. ಅದು ಯಾವ ಊರಿನ ಸಂಗತಿ ಅಂತ ನನಗೆ ಗೊತ್ತಿರಲಿಲ್ಲ. ಹತ್ತನೇ ತರಗತಿ ಮುಗಿಸಿದ ಮಗಳು ಮೊಬೈಲಿನಿಂದ ತಲೆ ಎತ್ತದೆ, “ಈಸ್ಟರ್ನ್ ರೋಮನ್ ಎಂಪೈರ್, ಪಪ್ಪಾ. ಸಿಂಪಲ್” ಅಂದಳು. ಇಸ್ತಾಂಬುಲ್ ಇರುವ ಜಾಗದಲ್ಲಿ ಕೂತು ಸಾವಿರ ವರ್ಷ ಆಳಿದವರಂತೆ. ಹಗಲಿಡೀ ವಿದ್ವಾಂಸರು ಪ್ರಬಂಧ ಓದುತ್ತಾರೆ. ಸಂಜೆಯ ಗಾಯನ, ಒಂದು ದಿನದ ಪ್ರವಾಸ, ಕೊನೆಯ ದಿನದ ಪ್ರದರ್ಶನ, ಇವೆಲ್ಲ ನಮ್ಮ ತಲೆಗೆ.

ನನ್ನ ವೀಸಾ ಅದೇ ತಿಂಗಳು ಮುಗಿಯುವುದಿತ್ತು. ನಮ್ಮ ಒಮಾನಿ ಮಾಲೀಕರು, ನಾವೆಲ್ಲ ಅರಬಾಬ್ ಅನ್ನುವವರು, ಕರೆದು ಹೇಳಿದರು: “ಶೆಟ್ಟಿ, ನಿನಗೆ ವಯಸ್ಸಾಯ್ತು. ಈ ಸಮ್ಮೇಳನದಿಂದ ಒಂದೇ ಒಂದು ದೂರು ಬಂದ್ರೂ ಖಲಾಸ್, ನಿನ್ನ ಬೀಳ್ಕೊಡುಗೆಯ ಕೇಕ್ ನಾನೇ ತರಿಸ್ತೇನೆ. ಬರದಿದ್ರೆ ಇನ್ನೆರಡು ವರ್ಷ ಇರು.”

ಮಗಳ ಹನ್ನೆರಡನೇ ತರಗತಿ ಮುಗಿಯಲಿಕ್ಕೆ ಸರಿಯಾಗಿ ಎರಡು ವರ್ಷ ಬಾಕಿ. ನಾನು ಎದೆ ಮುಂದೆ ಮಾಡಿ ಹೇಳಿದೆ, “ಹೌದು ಸರ್!”

ಗುಂಯ್ ಅನ್ನುವ ಶಬ್ದ

ಮೊದಲ ಸಂಜೆ ಬೈಜಾಂಟೈನ್ ಕಾಲದ ಸ್ತೋತ್ರಗಳ ಗಾಯನ. ಏಳು ಜನ ಗಾಯಕರು, ಎಲ್ಲರೂ ಕಪ್ಪು ನಿಲುವಂಗಿಯವರು. ವಿಮಾನ ತಡವಾಗಿ ಇಳಿದದ್ದರಿಂದ ಮೈಕ್ ಪರೀಕ್ಷೆಗೂ ಸಮಯ ಸಿಗಲಿಲ್ಲ, ಸೀದಾ ವೇದಿಕೆ ಹತ್ತಿದರು.

ಮೈಕಿನ ಜವಾಬ್ದಾರಿ ನಮ್ಮ ಕಾಕನದ್ದು. ಉಪ್ಪಿನಂಗಡಿ ಕಡೆಯ ಬ್ಯಾರಿ, ನನಗಿಂತ ಐದು ವರ್ಷ ದೊಡ್ಡವರು. ಸ್ಪೀಕರಿನಲ್ಲಿ ಸೊಳ್ಳೆ ಕೂತರೂ ಗೊತ್ತಾಗುವ ಕಿವಿ. ಹಾಡು ಶುರುವಾಗಿ ಅರ್ಧ ನಿಮಿಷ ಆಗಿರಲಿಲ್ಲ, ಕಾಕನ ಮುಖ ಹುಳಿ ತಿಂದ ಹಾಗಾಯ್ತು.

“ಶೆಟ್ರೇ, ಹಮ್ ಬರ್ತಾ ಉಂಟು.”

ಕಿವಿಗೊಟ್ಟೆ. ಹೌದು, ಹಾಡಿನ ಅಡಿಯಲ್ಲಿ ಒಂದೇ ಸಮನೆ ಗುಂಯ್ ಅಂತ ಶಬ್ದ. ಕಾಕ ಅರ್ತಿಂಗ್ ನೋಡಿದರು. ಕೇಬಲ್ ಬದಲಿಸಿದರು. ವೇದಿಕೆಯ ಹಿಂದೆ ನುಗ್ಗಿ ಏಸಿಯ ಪ್ಲಗ್ಗನ್ನೂ ಕಿತ್ತರು. ಗುಂಯ್ ಹೋಗಲಿಲ್ಲ. ಕೊನೆಗೆ ಒಂದೊಂದೇ ಮೈಕ್ ತಗ್ಗಿಸಿ ಕೇಳಿ, ಎಡಗಡೆಯ ನಾಲ್ಕು ಮೈಕುಗಳೇ ಕಳ್ಳರು ಅಂತ ಹಿಡಿದರು. ನಾಲ್ಕನ್ನೂ ಬಂದ್ ಮಾಡಿದರು. ಗುಂಯ್ ನಿಂತಿತು. ನಾವಿಬ್ಬರೂ ಕೈ ಕುಲುಕಿಕೊಂಡೆವು.

ವಿರಾಮದಲ್ಲಿ ಆ ನಾಲ್ವರು ಕೆಂಡದಂಥ ಮುಖ ಮಾಡಿಕೊಂಡು ಬಂದರು. “ನಮ್ಮ ಸ್ವರವನ್ನು ನಿಲ್ಲಿಸಿದ್ದು ನೀವಾ?”

“ಹೌದು ಸರ್” ಅಂದೆ, ಅಭ್ಯಾಸಬಲ.

ಆಮೇಲೆ ತಿಳಿಯಿತು, ಅವರ ಕೆಲಸವೇ ಅದಂತೆ. ಮೂವರು ಹಾಡುವುದು, ನಾಲ್ವರು ಅಡಿಯಲ್ಲಿ ಒಂದೇ ಸ್ವರ ಹಿಡಿದು ನಿಲ್ಲುವುದು. ಅದನ್ನೇ ಕಲಿಯಲಿಕ್ಕೆ ವರ್ಷಗಟ್ಟಲೆ ಬೇಕಂತೆ. ನನ್ನ ಕಣ್ಣ ಮುಂದೆ ಕೇಕ್ ಬಂದು ನಿಂತಿತು. ಕೈ ಮುಗಿದೆ, ಖರ್ಜೂರ ಕೊಟ್ಟೆ, ಒಮಾನಿ ಕಾಫಿ ಕಾವಾ ಕುಡಿಸಿದೆ, ಉತ್ತರಾರ್ಧದಲ್ಲಿ ಆ ನಾಲ್ಕು ಮೈಕುಗಳನ್ನು ಎಲ್ಲಕ್ಕಿಂತ ಜೋರಾಗಿ ಇಡಿಸಿದೆ. ಅವರಿಗೆ ಸಮಾಧಾನವಾಯಿತು.

ಸಮಾಧಾನ ಆಗದವರು ಕಾಕ ಮಾತ್ರ. “ಶ್ರುತಿ ಹಿಡೀಲಿಕ್ಕೆ ನಾಲ್ಕು ಜನ ವಿಮಾನದಲ್ಲಿ ಬರ್ಬೇಕಾ ಶೆಟ್ರೇ? ಮೊದಲೇ ಒಂದು ಮಾತು ಹೇಳಿದ್ರೆ ಗೋದಾಮಿನಲ್ಲಿ ಶ್ರುತಿಪೆಟ್ಟಿಗೆ ಇತ್ತಲ್ಲ!”

ಲೆಕ್ಕ ಸರಿ ಉಂಟು

ಮೂರನೇ ದಿನ ಇಬ್ರಿ ಕಡೆಗೆ ಪ್ರವಾಸ, ಹಳೇ ಕಾಲದ ಕಲ್ಲಿನ ಗೋರಿಗಳನ್ನು ನೋಡಲಿಕ್ಕೆ. ನಲವತ್ತು ಜನಕ್ಕೆ ಒಂದೇ ದೊಡ್ಡ ಬಸ್ಸು ಸಾಕಿತ್ತು. ಆದರೆ ಸಮ್ಮೇಳನದ ಕಾರ್ಯದರ್ಶಿ, ನರೆಗೂದಲಿನ ಪ್ರೊಫೆಸರಮ್ಮ, ನಾನು ಮೇಡಂ ಅನ್ನುವವರು, ಎರಡು ಬಸ್ಸು ಬೇಕೇ ಬೇಕು ಅಂದರು.

ಕಾರಣ ಇಬ್ಬರು ಪ್ರೊಫೆಸರುಗಳು. ಒಬ್ಬರು ಉದ್ದ, ಒಬ್ಬರು ದಪ್ಪ ಕನ್ನಡಕದವರು. ಹನ್ನೊಂದು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಆಸ್ತಿಯ ತಕರಾರಾ ಅಂತ ಕೇಳಿದೆ. “ಅಲ್ಲ, ಹಣತೆಯ ತೂತಿನ ತಕರಾರು” ಅಂದರು ಮೇಡಂ. ಇಂಥ ವಿಷಯದಲ್ಲಿ ಹೆಚ್ಚು ಕೇಳಬಾರದು. ಉದ್ದದವರನ್ನು ಮೊದಲ ಬಸ್ಸಿಗೆ ಹತ್ತಿಸಿದೆ, ಕನ್ನಡಕದವರನ್ನು ಎರಡನೆಯದಕ್ಕೆ.

ಗೋರಿ ನೋಡಿ, ಇಬ್ರಿಯ ಪೇಟೆಯಲ್ಲಿ ಅರ್ಧ ಗಂಟೆ ಸುತ್ತಿ ಹೊರಟೆವು. ನಾನು ಎರಡನೇ ಬಸ್ಸಿನಲ್ಲಿ ಎರಡೆರಡು ಸಲ ತಲೆ ಎಣಿಸಿದೆ. ಇಪ್ಪತ್ತು. “ಎಲ್ಲ ಬಂದ್ರಾ?” ಅಂತ ಮೇಡಂ ಫೋನಿನಲ್ಲಿ ಕೇಳಿದರು. “ಲೆಕ್ಕ ಸರಿ ಉಂಟು ಮೇಡಂ, ಯಲ್ಲಾ, ಹೊರಡುವಾ!” ಅಂದೆ.

ದಾರಿಯಿಡೀ ಹಿಂದಿನ ಸೀಟಿನಲ್ಲಿ ಒಬ್ಬ ಒಮಾನಿ ಹಿರಿಯರು. ಬಿಳಿ ಉಡುಪು, ಬಿಳಿ ಗಡ್ಡ. ಸುತ್ತಲೂ ವಿದ್ವಾಂಸರು ಕೂತು ಕೇಳಿದ್ದೇ ಕೇಳಿದ್ದು: ಕೋಟೆ ಕಟ್ಟಿದ್ದು ಹೇಗೆ, ಬೆಟ್ಟದಿಂದ ನೀರು ತರುವ ಕಾಲುವೆ ಹೇಗೆ. ಅರಬಿ ಬಲ್ಲ ಒಬ್ಬರು ಅನುವಾದಿಸಿದರು, ಉಳಿದವರು ಬರೆದುಕೊಂಡರು. ಇಂಥ ತಜ್ಞರನ್ನು ಕರೆಸಿದ ಮೇಡಂ ಭಾರೀ ಬುದ್ಧಿವಂತೆ ಅಂತ ನಾನೂ ಅಂದುಕೊಂಡೆ.

ನಿಜ್ವಾ ಬಂತು. ಹಿರಿಯರು ಎದ್ದು ಖರ್ಜೂರದ ಚೀಲ ಹೆಗಲಿಗೇರಿಸಿದರು. “ಇಲ್ಲೇ ನಿಲ್ಲಿಸಪ್ಪ, ಮಗಳ ಮನೆ ಬಂತು. ಇಬ್ರಿಯಿಂದ ಇಷ್ಟು ಒಳ್ಳೆಯ ಬಸ್ಸು ಬಿಟ್ಟಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ!”

ಅಂದರೆ ಇವರು ನಮ್ಮ ಲೆಕ್ಕದವರೇ ಅಲ್ಲ! ಮತ್ತೆ ಎಣಿಸಿದರೆ ಹತ್ತೊಂಬತ್ತು, ಕನ್ನಡಕದ ಪ್ರೊಫೆಸರ್ ಇಲ್ಲ. ಬಸ್ಸು ತಿರುಗಿಸಬೇಕು ಅನ್ನುವಷ್ಟರಲ್ಲಿ ಹಿಂದಿನಿಂದ ಒಂದು ಪಿಕಪ್ ಹಾರ್ನ್ ಹೊಡೆಯುತ್ತ ಬಂತು. ಹಿಂಭಾಗದಲ್ಲಿ ಆಡುಗಳು, ಮುಂದೆ ಡ್ರೈವರನ ಪಕ್ಕದಲ್ಲಿ ನಮ್ಮ ಪ್ರೊಫೆಸರ್. ಪೇಟೆಯಲ್ಲಿ ಮಡಕೆ ನೋಡುತ್ತ ಉಳಿದುಬಿಟ್ಟಿದ್ದರಂತೆ.

ಪ್ರೊಫೆಸರ್ ಇಳಿಯುತ್ತಲೇ ಕಾಲಿಗೆ ಬೀಳುವುದೆಂದು ಓಡಿದೆ. ಅವರು ನಗುತ್ತಲೇ ಕೇಳಿದರು, “ಅವನಿರುವ ಬಸ್ಸು ಬೇಡ, ನನಗೆ ಬೇರೆಯೇ ವಾಹನ ಬೇಕು ಅಂದಿದ್ದೆ. ಇಷ್ಟು ಚಂದ ವ್ಯವಸ್ಥೆ ಮಾಡಿದ್ದು ನೀವೇನಾ?”

“ಹೌದು ಸರ್” ಅಂದೆ.

ದೀಪ ಹಚ್ಚದೆ ಉದ್ಘಾಟನೆಯಾ?

ಕೊನೆಯ ಸಂಜೆ ಹಣತೆಗಳ ಪ್ರದರ್ಶನ. ಹಳೆಯವುಗಳ ಅಳತೆಗೆ ಸರಿಯಾಗಿ ಹೊಸದಾಗಿ ಮಾಡಿಸಿದ ಹನ್ನೆರಡು ಮಣ್ಣಿನ ಹಣತೆ. ನಮ್ಮ ಹಣತೆಯ ಹಾಗೆ ಬಾಯಿ ತೆರೆದದ್ದಲ್ಲ. ಮುಚ್ಚಿದ ಬಟ್ಟಲು, ನಡುವೆ ಎಣ್ಣೆ ಹೊಯ್ಯುವ ತೂತು, ಮುಂದೆ ಬತ್ತಿಯ ಮೂತಿ, ಮೂತಿಯ ಹಿಂದೆ ಇನ್ನೊಂದು ಸಣ್ಣ ತೂತು. ಇಬ್ಬರ ಜಗಳ ಈ ಸಣ್ಣ ತೂತಿನದ್ದೇ. ಅದು ಗಾಳಿಗೆ ಅಂತ ಉದ್ದದವರು. ಬತ್ತಿ ಏರಿಸುವ ಸೂಜಿಗೆ ಅಂತ ಕನ್ನಡಕದವರು. ಇಬ್ಬರೂ ಇದರ ಮೇಲೆ ದಪ್ಪ ದಪ್ಪ ಪುಸ್ತಕ ಬರೆದವರು.

ಹಿಂದಿನ ದಿನವೇ ಫೋಟೋ ತೆಗೆದು ಅಜೈಬಾದ ನಮ್ಮ ಮನೆಯಲ್ಲಿ ಹೆಂಡತಿಗೆ ತೋರಿಸಿದ್ದೆ. ಅವಳು ಒಗ್ಗರಣೆ ಹಾಕುತ್ತಲೇ ನೋಡಿ, “ಅಯ್ಯೋ, ಇದಕ್ಕೆ ಜಗಳವಾ? ಕಡ್ಡಿ ಹಾಕ್ಲಿಕ್ಕೆ ಮತ್ತೆಂತಕ್ಕೆ!” ಅಂದಳು. “ಅದಿರಲಿ, ದೀಪ ಹಚ್ಚುವವರು ಯಾರು?”

“ಹಚ್ಚುವುದಿಲ್ಲವಂತೆ. ಸುಮ್ಮನೆ ಇಡುವುದು.”

“ಹನ್ನೆರಡು ಹಣತೆ ಇಟ್ಟುಕೊಂಡು ಹಚ್ಚದೆ ಉದ್ಘಾಟನೆಯಾ? ಇವರ ಮಂಡೆ ಸಮ ಉಂಟಾ?”

ನನಗೂ ಅದೇ ಅನ್ನಿಸಿತ್ತು. ಅವಳು ಹನ್ನೆರಡು ಬತ್ತಿ ಹೊಸೆದು ಕೊಟ್ಟಳು. ಊರಿನ ತೆಂಗಿನೆಣ್ಣೆಯ ಬಾಟ್ಲಿ, ದೇವರ ಕೋಣೆಯಲ್ಲಿ ಉರಿದು ಉಳಿದ ಊದುಬತ್ತಿಯ ಕಡ್ಡಿಗಳು, ಎಲ್ಲ ಒಂದು ಚೀಲದಲ್ಲಿ. ಮರುದಿನ ಸಂಜೆ ಅತಿಥಿಗಳು ಬರುವ ಐದು ನಿಮಿಷ ಮೊದಲು ನಾನೂ ಕಾಕನೂ ಹನ್ನೆರಡನ್ನೂ ಹಚ್ಚಿದೆವು. ಆಹಾ, ಸಭಾಂಗಣವೇ ಬೆಳಗಿತು. ಮೇಡಂ ಬಂದು ನೋಡಿ ಖುಷಿಯಲ್ಲಿ ಕಣ್ಣೀರು ಹಾಕುತ್ತಾರೆ ಅಂತ ಬಾಗಿಲಲ್ಲಿ ಕಾದು ನಿಂತೆ.

ಮೇಡಂ ಬಂದರು, ಇನ್ನೂರು ವಿದ್ವಾಂಸರೂ ಬಂದರು. ಅದೇ ಹೊತ್ತಿಗೆ ಹೊಸ ಬತ್ತಿಯ ಹೊಗೆ ಸೀದಾ ಚಾವಣಿಯ ಹೊಗೆ ಪತ್ತೆ ಯಂತ್ರಕ್ಕೆ ಮುಟ್ಟಿತು. ಕುಂಯ್‌ಯ್ ಅಂತ ಸೈರನ್! ಸೆಕ್ಯೂರಿಟಿಯವರು ಎಲ್ಲರನ್ನೂ ಪಾರ್ಕಿಂಗ್ ಜಾಗಕ್ಕೆ ಓಡಿಸಿದರು.

ಹೊರಗೆ ಮೇಡಂ ನನ್ನ ಮುಂದೆ ಬಂದು ನಿಂತರು. ಕಣ್ಣೀರು ಇತ್ತು, ಹೊಗೆಯದ್ದು. ಖುಷಿ ಇರಲಿಲ್ಲ. “ಹಚ್ಚಲಿಕ್ಕೆ ನಿಮಗೆ ಯಾರು ಹೇಳಿದ್ದು?” ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನನ್ನ ಬಾಯಿಂದ ಹೌದು ಹೊರಡಲಿಲ್ಲ. ಮುಗಿಯಿತು, ಕೇಕಿನ ಮೇಲೆ ನನ್ನ ಹೆಸರು ಕೂಡ ಕಾಣಿಸಿತು.

ಅಷ್ಟರಲ್ಲಿ ಬಾಗಿಲಿನಿಂದ ಕಾಕ ಬಂದರು, ಎರಡೂ ಕೈಯಲ್ಲಿ ದೊಡ್ಡ ಟ್ರೇ ಹಿಡಿದು. ಟ್ರೇ ಮೇಲೆ ಹನ್ನೆರಡು ಹಣತೆ, ಎಲ್ಲ ಉರಿಯುತ್ತಲೇ ಉಂಟು. “ಸಾಮಾನು ಬಿಟ್ಟು ಬರ್ಲಿಕ್ಕೆ ಆಗ್ತದಾ ಶೆಟ್ರೇ? ಪುನಃ ಹಚ್ಚುವ ಉಪದ್ರ ಯಾರಿಗೆ?”

ಕಾಕ ಬಸ್ಸಿನ ಮರೆಯಲ್ಲಿ ಟ್ರೇ ಇಟ್ಟರು. ಒಂದು ದೀಪ ಸಣ್ಣಗಾಗುತ್ತಿತ್ತು. ನಾನು ಕಿಸೆಯಿಂದ ಊದುಬತ್ತಿಯ ಕಡ್ಡಿ ತೆಗೆದು, ಸಣ್ಣ ತೂತಿನಲ್ಲಿ ತೂರಿಸಿ, ಬತ್ತಿಯನ್ನು ಒಂಚೂರು ಮುಂದೆ ತಳ್ಳಿದೆ. ದೀಪ ದೊಡ್ಡದಾಯಿತು.

“ನೋಡಿದ್ರಾ!” ಕನ್ನಡಕದ ಪ್ರೊಫೆಸರ್ ಕೂಗಿದ್ದಕ್ಕೆ ಪಾರ್ಕಿಂಗಿನ ಬೆಕ್ಕುಗಳು ಓಡಿದವು. “ಕಡ್ಡಿಗೇ ಈ ತೂತು! ಅಲ್ಲವಾ?”

“ಹೌದು ಸರ್” ಅಂದೆ.

ಉದ್ದದ ಪ್ರೊಫೆಸರ್ ಮೊಣಕಾಲೂರಿ ಕೂತರು. “ಕಡ್ಡಿ ತೆಗೀರಿ.” ತೆಗೆದೆ. “ಈಗ ಜ್ವಾಲೆ ಇನ್ನೂ ಚಂದ ಉಂಟಲ್ಲ? ಗಾಳಿ ಹೋಗುತ್ತಿದೆ, ಅಲ್ಲವಾ?”

“ಹೌದು ಸರ್” ಅಂದೆ.

ಹನ್ನೊಂದು ವರ್ಷ ಮಾತು ಬಿಟ್ಟವರು ಡಾಂಬರಿನ ಮೇಲೆ ಎದುರುಬದುರು ಕೂತು ಒಂದು ಗಂಟೆ ಜಗಳ ಆಡಿದರು. ಸೈರನ್ ನಿಂತರೂ ಯಾರೂ ಒಳಗೆ ಹೋಗಲಿಲ್ಲ. ಇನ್ನೂರು ಜನ ಸುತ್ತ ನಿಂತು ನೋಡಿದರು. ಮೇಡಂ ಕೂಡ ಕೊನೆಗೆ ನಕ್ಕುಬಿಟ್ಟರು. ಕಾಕ ಕಿವಿಯಲ್ಲಿ ಹೇಳಿದರು, “ಶೆಟ್ರೇ, ಒಳಗಿನ ಕುರ್ಚಿ ಹೊರಗೆ ಹಾಕುವುದಾ?”

ದೂರು

ವಾರ ಬಿಟ್ಟು ಅರಬಾಬ್ ಕರೆದರು. ಮೇಜಿನ ಮೇಲೆ ಎರಡು ಕಾಗದ.

“ಶೆಟ್ಟಿ, ದೂರು ಬಂದಿದೆ. ಒಂದಲ್ಲ, ಎರಡು.”

ಕೇಳದೆಯೇ ಕುರ್ಚಿಯಲ್ಲಿ ಕೂತೆ. ಮಗಳಿಗೆ ಎಂತ ಹೇಳುವುದು ಅಂತ ಅದೊಂದೇ ಮಂಡೆಯಲ್ಲಿ.

ಅರಬಾಬ್ ಓದಿದರು. ಮೊದಲನೆಯದು ಕನ್ನಡಕದವರದ್ದು: ನಿಮ್ಮ ಕಂಪನಿಯ ಹಣತೆ ತಜ್ಞರು ನನ್ನ ಮಾತನ್ನು ಎಲ್ಲರೆದುರು ಒಪ್ಪಿ, ಮರುಕ್ಷಣವೇ ಎದುರಾಳಿಯ ಪರ ಮಾತನಾಡಿದ್ದಾರೆ, ಇದು ಅನ್ಯಾಯ. ಎರಡನೆಯದು ಉದ್ದದವರದ್ದು: ನಿಮ್ಮ ತಜ್ಞರು ಗಾಳಿಯ ವಾದವನ್ನು ಒಪ್ಪಿದ್ದರೂ ಎದುರಾಳಿಯು ಅವರನ್ನು ತನ್ನ ಪಕ್ಷದವರೆಂದು ಹೇಳಿಕೊಂಡು ತಿರುಗುತ್ತಿದ್ದಾರೆ, ತಡೆಯಿರಿ.

“ನಿನ್ನನ್ನು ನಾನು ಕಳಿಸಿದ್ದು ಕುರ್ಚಿ ಹಾಕ್ಲಿಕ್ಕೆ. ನೀನು ತಜ್ಞ ಆದದ್ದು ಯಾವಾಗ?”

“ಹೌದು ಸರ್” ಅಂದೆ.

ಅರಬಾಬ್ ಕಾಗದಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. “ಕುರ್ಚಿ ಸರಿ ಇಲ್ಲ ಅಂತ ಉಂಟಾ? ಇಲ್ಲ. ಊಟ, ಬಸ್ಸು, ಮೈಕ್? ಇಲ್ಲ. ಇವನೂ ನೀನು ತನ್ನ ಮಾತು ಒಪ್ಪಿದ್ದಿ ಅಂತಾನೆ, ಅವನೂ ತನ್ನ ಮಾತು ಒಪ್ಪಿದ್ದಿ ಅಂತಾನೆ. ಅಂದ್ರೆ ನೀನು ಇಬ್ಬರನ್ನೂ ಸಮನಾಗಿ ನೋಡಿದ್ದಿ. ಒಂದು ದೂರು ಬಂದಿದ್ರೆ ಕಳಿಸ್ತಿದ್ದೆ. ಎರಡೂ ಒಂದನ್ನೊಂದು ಹೊಡೆದುಕೊಂಡವು. ಖಲಾಸ್! ಪಾಸ್‌ಪೋರ್ಟ್ ಕೊಡು, ಇನ್ನೆರಡು ವರ್ಷ.”

ಮನೆಗೆ ಸಿಹಿ ಕಟ್ಟಿಸಿಕೊಂಡೇ ಹೋದೆ. ಮಗಳು ಓಡಿಬಂದು ಅಪ್ಪಿಕೊಂಡಳು. ಎರಡು ಕಾಗದದ ಕಥೆಯನ್ನೂ ಉಪ್ಪು ಖಾರ ಹಾಕಿ ಹೇಳಿದೆ, ನನ್ನನ್ನು ತಜ್ಞ ಅಂದದ್ದನ್ನು ಎರಡೆರಡು ಸಲ ಹೇಳಿದೆ. ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ಬತ್ತಿ ಹೊಸೆದದ್ದು ನಾನು. ಎಣ್ಣೆ ಕೊಟ್ಟದ್ದು ನಾನು. ತೂತು ಎಂತಕ್ಕೆ ಅಂತ ಹೇಳಿದ್ದೂ ನಾನು. ತಜ್ಞರು ಮಾತ್ರ ನೀವಾ? ಆ ಇಬ್ಬರಿಗೂ ಈಗಲೇ ಬರೀರಿ, ಇದೆಲ್ಲ ನನ್ನ ಹೆಂಡತಿ ಹೇಳಿಕೊಟ್ಟದ್ದು ಅಂತ. ಬರೀತೀರಾ ಇಲ್ವಾ?”

“ಹೌದು ಮೇಡಂ” ಅಂದೆ.